ತ್ರಿಗ್ಲಾವ್ ಹತ್ತಲು ಹೊರಟವರಿಗೆ: ನೀರು ಕೆಳಗಿಂದಲೇ ಹೊತ್ತುಕೊಳ್ಳಿ

ಕುಮಾರಪರ್ವತ, ಕುದುರೆಮುಖ ಅಂತ ಸುತ್ತಿ ಅಭ್ಯಾಸ ಇರುವವರಿಗೆ, ತ್ರಿಗ್ಲಾವ್ ಶಿಖರ ಇರುವ ಜೂಲಿಯನ್ ಆಲ್ಪ್ಸ್‌ನಲ್ಲಿ ಮೊದಲು ಕೈಕೊಡುವುದು ಎತ್ತರ ಅಲ್ಲ, ಚಳಿಯೂ ಅಲ್ಲ. ನೀರು. ನಮ್ಮ ಘಟ್ಟದಲ್ಲಿ ಮಳೆಗಾಲ ಮುಗಿದ ಮೇಲೆ ಹೋದರೆ ಎಲ್ಲೋ ಒಂದು ಕಡೆ ಹಳ್ಳ ಸಿಗುತ್ತದೆ, ಬಾಟಲಿ ಅದ್ದಿಕೊಂಡು ಮುಂದೆ ಹೋಗುತ್ತೇವೆ. ಸ್ಲೊವೇನಿಯಾದ ಈ ಬೆಟ್ಟಗಳಲ್ಲಿ ಮಳೆಗೆ ಬರ ಇಲ್ಲ, ಹಿಮ ಅಂತೂ ರಾಶಿ ರಾಶಿ ಬೀಳುತ್ತದೆ. ಆದರೂ ಮರಗಳ ಸಾಲು ದಾಟಿ ಮೇಲೆ ಹೋದರೆ ನೀರು ಹರಿಯುವುದು ಕಾಣುವುದೇ ಅಪರೂಪ. ಯಾಕೆಂದರೆ ಬೆಟ್ಟಕ್ಕೆ ಬೆಟ್ಟವೇ ಸುಣ್ಣಕಲ್ಲು. ಬಿದ್ದ ಮಳೆ ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ, ಆ ಹುಳಿನೀರು ಸಾವಿರಾರು ವರ್ಷ ಕಲ್ಲನ್ನು ಕರಗಿಸಿ ಬಿರುಕು ಮಾಡಿದೆ, ಬಿರುಕು ಬಾವಿಯಾಗಿದೆ, ಮೇಲೆ ಬಿದ್ದದ್ದೆಲ್ಲ ಆ ಬಾವಿಯೊಳಗೆ ಇಳಿದು ಹೋಗುತ್ತದೆ. ಇದೇ ಸಾಲಿನ ಕಾನಿನ್ ಬೆಟ್ಟದಲ್ಲಿ 603 ಮೀಟರ್ ನೇರ ಕೆಳಕ್ಕೆ ಇಳಿಯುವ ಒಂದು ಗುಂಡಿ ಇದೆ, ನೇರ ಅಂದರೆ ಬಾವಿಗೆ ಕಲ್ಲು ಹಾಕಿದ ಹಾಗೆ ನೇರ. ಹೆಸರು ವ್ರ್ತಿಗ್ಲಾವಿತ್ಸಾ, ಅಂದರೆ ತಲೆ ತಿರುಗು.

ಉತ್ತರ ಕನ್ನಡದ ಯಾಣ ನೋಡಿದ್ದೀರಲ್ವಾ? ಆ ಕರಿ ಬಂಡೆಗಳೂ ಸುಣ್ಣಕಲ್ಲೇ. ಅದರ ಚೂಪು ಅಂಚುಗಳನ್ನು ನೆನಪು ಮಾಡಿಕೊಳ್ಳಿ, ಬಣ್ಣ ಬಿಳಿ ಮಾಡಿ, ಮೇಲಿನ ಕಾಡು ಕಿತ್ತುಹಾಕಿ, 2000 ಮೀಟರ್ ಮೇಲಕ್ಕೆ ಎತ್ತಿಡಿ. ಹೆಚ್ಚುಕಡಿಮೆ ಅದೇ.

ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆ ಕೆಲಸ ಮಾಡುವ ನಮ್ಮವರು ವಾರದ ಕೊನೆಗೆ ಕಾರು ತೆಗೆದುಕೊಂಡು ಬ್ಲೆಡ್ ಸರೋವರಕ್ಕೆ ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಅಲ್ಲಿಂದ ತ್ರಿಗ್ಲಾವ್ ಕಂಡ ಕೂಡಲೇ "ನಾಳೆ ಹತ್ತಿಬಿಡೋಣ" ಅನ್ನುತ್ತಾರೆ. ಬೇಡ. ಎರಡು ದಿನ ಇಟ್ಟುಕೊಳ್ಳಿ, ತಯಾರಿಗೆ ಇನ್ನೊಂದು ದಿನ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಬೆಟ್ಟದ ಪರಿಚಯ

ತ್ರಿಗ್ಲಾವ್ ಅಂದರೆ ಮೂರು ತಲೆ. "ತ್ರಿ" ಅಲ್ಲೂ ಮೂರೇ, ಅದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಎತ್ತರ 2864 ಮೀಟರ್. ಸ್ಲೊವೇನಿಯಾದ ಅತಿ ಎತ್ತರದ ಶಿಖರ, ಆ ದೇಶದ ಬಾವುಟದ ಮೇಲೂ ಇದೆ, ಅವರ 50 ಸೆಂಟ್ ನಾಣ್ಯದ ಮೇಲೂ ಇದೆ. ಮೊದಲು ಹತ್ತಿದ್ದು 1778ರ ಆಗಸ್ಟ್‌ನಲ್ಲಿ, ಬೋಹಿನ್ಯ್ ಕಡೆಯ ನಾಲ್ಕು ಜನ. ತುದಿಯಲ್ಲಿ ಒಂದು ಪುಟ್ಟ ತಗಡಿನ ಗೋಪುರ ನಿಂತಿದೆ. 1895ರಲ್ಲಿ ಯಾಕೊಬ್ ಅಲ್ಯಾಜ್ ಅನ್ನುವ ಪಾದ್ರಿ ಶಿಖರದ ಜಾಗವನ್ನೇ ದುಡ್ಡು ಕೊಟ್ಟು ಕೊಂಡು, ಅಲ್ಲಿ ಈ ಗೋಪುರ ನಿಲ್ಲಿಸಿದರು. ಪ್ರತಿ ಸ್ಲೊವೇನಿಯನ್ ಜೀವನದಲ್ಲಿ ಒಮ್ಮೆಯಾದರೂ ಇದನ್ನು ಹತ್ತಬೇಕು ಅನ್ನುವ ಮಾತು ಅಲ್ಲಿದೆ. ಅದಕ್ಕೇ ಆಗಸ್ಟ್ ಶನಿವಾರ ಮೇಲೆ ಜಾತ್ರೆ. ಆದಷ್ಟು ವಾರದ ನಡುವೆ ಹೋಗಿ.

ಯಾವಾಗ

ಜುಲೈ ಎರಡನೇ ವಾರದಿಂದ ಸೆಪ್ಟೆಂಬರ್ ಕೊನೆ. ಜೂನ್‌ನಲ್ಲಿ ಕೆಳಗೆ ಹೂವು ಅರಳಿ ಬಿಸಿಲು ಕಾಯುತ್ತಿದ್ದರೂ ಮೇಲಿನ ಇಳಿಜಾರುಗಳಲ್ಲಿ ಗಟ್ಟಿ ಹಿಮ ಕೂತಿರಬಹುದು. ಅದರ ಮೇಲೆ ಮುಳ್ಳುಪಟ್ಟಿ ಇಲ್ಲದ ಶೂ ಹಾಕಿಕೊಂಡು ನಡೆಯುವುದು ಎಣ್ಣೆ ಸುರಿದ ಅಂಗಳದಲ್ಲಿ ನಡೆದ ಹಾಗೆ. ನನ್ನ ಪ್ರಕಾರ ಸೆಪ್ಟೆಂಬರ್ ಮೊದಲ ಎರಡು ವಾರವೇ ಸರಿ, ಜನ ಕಡಿಮೆ, ಮಧ್ಯಾಹ್ನದ ಗುಡುಗೂ ಕಡಿಮೆ.

ಗುಡುಗಿನ ವಿಷಯ ಸುಮ್ನೆ ಹೇಳುತ್ತಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಹನ್ನೆರಡರ ಮೇಲೆ ಮೋಡ ಕಟ್ಟಿ ಮೂರಕ್ಕೆ ಸಿಡಿಲು. ಆ ಹೊತ್ತಿಗೆ ನೀವು, ಹಿಡಿತಕ್ಕೆ ಅಂತ ಬಂಡೆಗೆ ಬಿಗಿದಿರುವ ಕಬ್ಬಿಣದ ಹಗ್ಗ ಹಿಡಿದು ಬೆಟ್ಟದ ಬೆನ್ನಿನ ಮೇಲೆ ನಿಂತಿರಬಾರದು. ಸ್ಲೊವೇನಿಯಾದ ಹವಾಮಾನ ಇಲಾಖೆ ಬೆಟ್ಟಕ್ಕೇ ಬೇರೆ ಮುನ್ಸೂಚನೆ ಕೊಡುತ್ತದೆ, ಹಿಂದಿನ ಸಂಜೆ ನೋಡಿ, ಬೆಳಿಗ್ಗೆ ಮತ್ತೆ ನೋಡಿ.

ಯಾವ ದಾರಿ

ದಾರಿ ಹಲವು. ಅಲ್ಲಿ ದಾರಿಗಳನ್ನು ಮೂರು ದರ್ಜೆ ಮಾಡಿದ್ದಾರೆ: ಸುಲಭ, ಕಷ್ಟ, ಬಹಳ ಕಷ್ಟ. ಇದು ಉಸಿರು ಎಷ್ಟು ಬರುತ್ತದೆ ಅನ್ನುವ ಲೆಕ್ಕ ಅಲ್ಲ. ಕೈ ಬಳಸಬೇಕಾ, ಕಬ್ಬಿಣದ ಹಗ್ಗ ಇದೆಯಾ, ಜಾರಿದರೆ ಏನಾಗುತ್ತದೆ ಅನ್ನುವ ಲೆಕ್ಕ. ನೀವು ಯಾವ ಕಡೆಯಿಂದ ಬಂದರೂ ತ್ರಿಗ್ಲಾವ್‌ನ ಕೊನೆಯ ಒಂದು, ಒಂದೂವರೆ ಗಂಟೆ "ಬಹಳ ಕಷ್ಟ" ದರ್ಜೆಯೇ. ಅದನ್ನು ತಪ್ಪಿಸಿಕೊಂಡು ಮೇಲೆ ಹೋಗುವ ಗುಟ್ಟಿನ ದಾರಿ ಯಾವುದೂ ಇಲ್ಲ.

ಉತ್ತರದಿಂದ ವ್ರಾತಾ ಕಣಿವೆ. ಮೊಯ್‌ಸ್ತ್ರಾನಾ ಊರಿನಿಂದ ಒಳಗೆ ಹೋಗಿ, 1015 ಮೀಟರ್‌ನಲ್ಲಿರುವ ಅಲ್ಯಾಜೆವ್ ದೊಮ್ ಅನ್ನುವ, ಬೆಟ್ಟ ಹತ್ತುವವರು ಉಳಿಯುವ ಮನೆಯಿಂದ ಶುರು. ತಲೆ ಎತ್ತಿದರೆ ಸಾವಿರ ಮೀಟರ್ ಎತ್ತರದ ಉತ್ತರ ಗೋಡೆ ಮುಖಕ್ಕೇ ನಿಂತಿರುತ್ತದೆ. ನೋಟಕ್ಕೆ ಇದಕ್ಕಿಂತ ಚಂದದ ದಾರಿ ಇಲ್ಲ, ಆದರೆ ಕೆಳಗಿನ ಅರ್ಧದಲ್ಲೇ ಹಗ್ಗ, ಮೊಳೆ ಎಲ್ಲ ಶುರುವಾಗುತ್ತದೆ. ಮೊದಲ ಸಲಕ್ಕೆ ನಾನು ಹೇಳುವುದಿಲ್ಲ.

ಕೆರ್ಮಾ ಕಣಿವೆಯಿಂದ ಕ್ರೆದಾರಿತ್ಸಾ ಮನೆಯವರೆಗೆ ಹಗ್ಗದ ಗೋಜಿಲ್ಲ, ಆದರೆ ಸುಮಾರು 870 ಮೀಟರ್‌ನಿಂದ 2515 ಮೀಟರ್‌ಗೆ ಒಂದೇ ಸಮ ಏರು. ಬೇಜಾರಿನ ದಾರಿ, ನಿಜ ಹೇಳಬೇಕೆಂದರೆ.

ನಾನು ಹೇಳುವುದು ಪೊಕ್ಲ್ಯೂಕಾ ಕಡೆಯಿಂದ. ರುದ್ನೊ ಪೊಲ್ಯೆ ಅನ್ನುವ ಜಾಗದವರೆಗೆ ಡಾಂಬರು ರಸ್ತೆ ಇದೆ, ಅದೇ 1347 ಮೀಟರ್‌ನಲ್ಲಿದೆ. ಅಂದರೆ ಮುನ್ನೂರು, ನಾನೂರು ಮೀಟರ್ ಏರುವ ಕೆಲಸವನ್ನು ಕಾರೇ ಮಾಡಿರುತ್ತದೆ. ಮುಂದಿನದೆಲ್ಲ ಈ ದಾರಿಯ ಲೆಕ್ಕದಲ್ಲೇ ಬರೆಯುತ್ತೇನೆ.

ಮೊದಲ ದಿನ: ಸುಮ್ನೆ ಒಂದು ಪರೀಕ್ಷೆ

ಬಂದ ದಿನವೇ ದೊಡ್ಡದಕ್ಕೆ ಕೈಹಾಕಬೇಡಿ. ರುದ್ನೊ ಪೊಲ್ಯೆಯಿಂದಲೇ ವಿಶೆವ್ನಿಕ್ ಅನ್ನುವ ಬೆಟ್ಟಕ್ಕೆ ದಾರಿ ಇದೆ, 2050 ಮೀಟರ್, ಹತ್ತಲು ಎರಡು ಗಂಟೆ. ಸ್ಲೊವೇನಿಯಾದ ಮಕ್ಕಳು ಎರಡು ಸಾವಿರ ಮೀಟರ್ ದಾಟುವ ಮೊದಲ ಬೆಟ್ಟ ಬಹಳ ಸಲ ಇದೇ ಆಗಿರುತ್ತದೆ. ಇಲ್ಲಿ ಮೂರು ವಿಷಯ ಗಮನಿಸಿ. ಬಿಡಿಕಲ್ಲಿನ ಮೇಲೆ ಇಳಿಯುವಾಗ ನಿಮ್ಮ ಶೂ ಹಿಡಿಯುತ್ತದಾ? ಮೊಣಕಾಲು ಏನು ಹೇಳುತ್ತಿದೆ? ಎಷ್ಟು ನೀರು ಕುಡಿದಿರಿ? ಈ ಮೂರನೆಯದನ್ನು ಬರೆದಿಟ್ಟುಕೊಳ್ಳಿ.

ಇನ್ನೂ ಸುಲಭದ್ದು ಬೇಕಾದರೆ ವ್ರ್ಶಿಚ್ ಘಾಟಿಗೆ ಹೋಗಿ. 50 ತಿರುವುಗಳ ರಸ್ತೆ, ನಮ್ಮ ಆಗುಂಬೆ, ಚಾರ್ಮಾಡಿ ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಯುದ್ಧಕೈದಿಗಳ ಕೈಯಲ್ಲಿ ಕಟ್ಟಿಸಿದ್ದು. 1916ರ ಮಾರ್ಚ್‌ನಲ್ಲಿ ಹಿಮಕುಸಿತದಲ್ಲಿ ಸತ್ತವರ ನೆನಪಿಗೆ ಒಂದು ಮರದ ಚರ್ಚ್ ರಸ್ತೆ ಪಕ್ಕದಲ್ಲೇ ಇದೆ. 1611 ಮೀಟರ್‌ನ ಘಾಟಿಯ ತುದಿಯಿಂದ ಸ್ಲೆಮೆನೊವಾ ಶ್ಪಿತ್ಸಾಗೆ ಒಂದೂವರೆ ಗಂಟೆ ನಡಿಗೆ. ಅಪ್ಪ ಅಮ್ಮ ಊರಿಂದ ಬಂದಿದ್ದು, ನಡೆಯುವ ಅಭ್ಯಾಸ ಇದ್ದರೆ ಅವರನ್ನೂ ನಿಧಾನಕ್ಕೆ ಕರೆದುಕೊಂಡು ಹೋಗಬಹುದು.

ಚೀಲದಲ್ಲಿ ಏನಿರಬೇಕು

ಹೆಲ್ಮೆಟ್. ಸೈಕಲ್ಲಿನದ್ದಲ್ಲ, ಬೆಟ್ಟ ಹತ್ತುವವರದ್ದು. ಸುಣ್ಣಕಲ್ಲು ಒಡೆಯುವ ಕಲ್ಲು. ಬಿರುಕಿನೊಳಗೆ ನೀರು ಹೆಪ್ಪುಗಟ್ಟಿ ಅಗಲಿಸುತ್ತದೆ, ಕರಗಿದಾಗ ತುಂಡು ಸಡಿಲವಾಗಿ ಕೂತಿರುತ್ತದೆ, ನಿಮ್ಮ ಮುಂದೆ ಹೋಗುತ್ತಿರುವವರ ಕಾಲು ತಾಗಿದರೆ ಸಾಕು. ಮೇಲಿನಿಂದ ಯಾರಾದರೂ "ಕಾಮೆನ್!" ಅಂತ ಕೂಗಿದರೆ ಕಲ್ಲು ಬರುತ್ತಿದೆ ಅಂತ ಅರ್ಥ. ಮೇಲೆ ನೋಡಬೇಡಿ. ಗೋಡೆಗೆ ಒತ್ತಿಕೊಂಡು ತಲೆ ತಗ್ಗಿಸಿ. ನಿಮ್ಮ ಕಾಲಿಂದ ಕಲ್ಲು ಉರುಳಿದರೆ ನೀವೂ ಹಾಗೇ ಕೂಗಿ, ನಾಚಿಕೆ ಬೇಡ.

ಸೊಂಟದ ಹಾರ್ನೆಸ್ ಮತ್ತು ಫೆರಾಟಾ ಸೆಟ್. ಕಬ್ಬಿಣದ ಹಗ್ಗ ಬಿಗಿದ ದಾರಿಗೆ ಫೆರಾಟಾ ಅನ್ನುತ್ತಾರೆ, ನಿಮ್ಮನ್ನು ಆ ಹಗ್ಗಕ್ಕೆ ಸಿಕ್ಕಿಸಿಡುವುದು ಈ ಸೆಟ್. ಸೆಟ್ ಅಂದರೆ ಎರಡು ತೋಳು, ಎರಡು ಕೊಂಡಿ, ನಡುವೆ ಬಿದ್ದಾಗ ಹರಿಯುತ್ತಾ ಎಳೆತ ನುಂಗುವ ಒಂದು ಹೊಲಿದ ಪಟ್ಟಿ. ಬರೀ ಹಗ್ಗದ ತುಂಡು ಕಟ್ಟಿಕೊಂಡು ಹೋಗುವವರನ್ನು ನೋಡಿದ್ದೇನೆ, ಆ ತಪ್ಪು ಮಾಡಬೇಡಿ. ಕಬ್ಬಿಣದ ಹಗ್ಗದ ಮೇಲೆ ನಾಲ್ಕು ಮೀಟರ್ ಜಾರಿ ಮೊಳೆಗೆ ಬಡಿದರೆ ಸಾಮಾನ್ಯ ಹಗ್ಗ, ಕೊಂಡಿ ಮುರಿಯಬಹುದು. ಈಗಿನ ಸೆಟ್‌ಗಳು 40ರಿಂದ 120 ಕಿಲೋ ತೂಕದವರಿಗೆ ಮಾಡಿದ್ದು, ಅದಕ್ಕಿಂತ ಹಗುರದ ಮಕ್ಕಳನ್ನು ಇನ್ನೊಂದು ಹಗ್ಗ ಕಟ್ಟಿ ಹಿಡಿದುಕೊಳ್ಳುವವರು ಜೊತೆಗೆ ಬೇಕು. ಕೊಳ್ಳಬೇಕಿಲ್ಲ, ಬಾಡಿಗೆಗೆ ಸಿಗುತ್ತದೆ. ಬಾಡಿಗೆಗೆ ತಂದದ್ದನ್ನು ಮನೆಯಲ್ಲೇ ಒಮ್ಮೆ ಹಾಕಿ ನೋಡಿ, ಗಾಳಿ ಬೀಸುವ ಜಾಗದಲ್ಲಿ ಯಾವ ಪಟ್ಟಿ ಯಾವ ಕಾಲಿಗೆ ಅಂತ ಹುಡುಕುವ ಹಣೆಬರಹ ಬೇಡ.

ಕೈಗವಸು. ಮಳೆ ಕೊರೆದ ಸುಣ್ಣಕಲ್ಲಿನ ಮೇಲೆ ಸಾಲು ಸಾಲು ಗೀರುಗಳಿರುತ್ತವೆ, ನಡುವಿನ ಅಂಚು ತುರಿಮಣೆ ತರಹ. ಒಮ್ಮೆ ಅಂಗೈ ಊರಿ ಜಾರಿದರೆ ಚರ್ಮ ಕೊಬ್ಬರಿ ತುರಿದ ಹಾಗೆ ಬರುತ್ತದೆ. ನನ್ನ ಎಡಗೈಯಲ್ಲಿ ಗುರುತು ಇನ್ನೂ ಇದೆ.

ನೀರು ತಲಾ ಮೂರು ಲೀಟರ್. ಭಾರ ಆಗುತ್ತದೆ, ಗೊತ್ತು. ಮೊದಲ ಸಲ ಹೋದಾಗ ನಾನೂ ಅದೇ ಯೋಚನೆ ಮಾಡಿ ಒಂದೂವರೆ ಲೀಟರ್ ಹಿಡಿದುಕೊಂಡು ಹೋದೆ, ದಾರಿಯಲ್ಲಿ ತುಂಬಿಸಿಕೊಳ್ಳೋಣ ಅಂತ. ಆಗಸ್ಟ್ ಮಧ್ಯಾಹ್ನ. ಬಿಳಿ ಕಲ್ಲು ಬಿಸಿಲನ್ನು ಮುಖಕ್ಕೇ ತಿರುಗಿಸಿ ಎರಚುತ್ತಿತ್ತು, ಮೇಲಿಂದಲೂ ಬಿಸಿಲು, ಕೆಳಗಿಂದಲೂ ಬಿಸಿಲು. ಭೂಪಟದಲ್ಲಿ ನೀಲಿ ಗೆರೆ ಇದ್ದ ಜಾಗಕ್ಕೆ ಹೋಗಿ ನೋಡಿದರೆ ಒಣಗಿದ ಕಲ್ಲಿನ ತೊಟ್ಟಿ. ಕೊನೆಯ ಒಂದೂವರೆ ಗಂಟೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಜೊತೆಗಿದ್ದ ಗೆಳೆಯನ ಹತ್ತಿರ ಮಾತೂ ಇಲ್ಲ, ಕತೆಯೂ ಇಲ್ಲ. ಮನೆ ಸಿಕ್ಕ ಮೇಲೆ ಒಂದು ಲೀಟರ್ ಚಹಾ ಕುಡಿದು ಅಲ್ಲೇ ಬೆಂಚಿನ ಮೇಲೆ ಮಲಗಿಬಿಟ್ಟೆ. ಮರುದಿನ ಶಿಖರದ ಮಾತೇ ಎತ್ತಲಿಲ್ಲ, ತಲೆನೋವು ಹೊತ್ತುಕೊಂಡು ಇಳಿದೆ.

ಇನ್ನು ಬೆಚ್ಚನೆ ಜಾಕೆಟ್, ಮಳೆ ಜಾಕೆಟ್, ಟೋಪಿ, ತಲೆಗೆ ಕಟ್ಟುವ ದೀಪ, ಕಪ್ಪು ಕನ್ನಡಕ, ಮಲಗಲು ತೆಳುವಾದ ಚೀಲದಂಥ ಹೊದಿಕೆ, ನಗದು ದುಡ್ಡು. ಎಲ್ಲರಿಗೂ ಗೊತ್ತಿರುವುದೇ.

ಮನೆಗಳು ಮತ್ತು ಊಟ

ಬೆಟ್ಟದ ಮೇಲೆ ಉಳಿಯುವ ಮನೆಗಳನ್ನು ಕೊಚಾ ಅಥವಾ ದೊಮ್ ಅನ್ನುತ್ತಾರೆ. ನಡೆಸುವುದು ಬಹುಪಾಲು ಅಲ್ಲಿನ ಪರ್ವತಾರೋಹಣ ಸಂಘಗಳು; ಆ ಚಳವಳಿ 1893ರಿಂದಲೂ ಇದೆ. ಮುಂಚೆಯೇ ಹಾಸಿಗೆ ಕಾದಿರಿಸಿ. ಜರ್ಮನ್ ಆಲ್ಪೈನ್ ಕ್ಲಬ್ಬಿನ ಸದಸ್ಯರಾಗಿದ್ದರೆ ಕಾರ್ಡ್ ತೋರಿಸಿ, ಮಲಗುವ ಬಾಡಿಗೆಯಲ್ಲಿ ಒಳ್ಳೆಯ ರಿಯಾಯಿತಿ ಇದೆ. ಟೆಂಟ್ ಹಾಕೋಣ ಅನ್ನುವ ಯೋಚನೆ ಬಿಡಿ, ಇದು ರಾಷ್ಟ್ರೀಯ ಉದ್ಯಾನ, ಅನುಮತಿ ಇಲ್ಲ.

ಶೂ ಬಾಗಿಲಲ್ಲೇ ಬಿಡಬೇಕು, ಇದು ನಮಗೇನೂ ಹೇಳಿಕೊಡಬೇಕಿಲ್ಲ. ಸ್ನಾನದ ಆಸೆ ಬೇಡ. ಮೇಲಿನ ಮನೆಗಳಲ್ಲಿ ಚಾವಣಿ ಮೇಲೆ ಬಿದ್ದ ಮಳೆನೀರನ್ನೇ ಹಿಡಿದಿಟ್ಟು ಬಳಸುತ್ತಾರೆ, ಅದು ಕುಡಿಯುವುದಕ್ಕೂ ಅಲ್ಲ. ಕುಡಿಯುವ ನೀರು ಬಾಟಲಿಯಲ್ಲಿ, ಎತ್ತರಕ್ಕೆ ಹೋದಂತೆ ಬೆಲೆಯೂ ಎತ್ತರ. ಮೇಲಕ್ಕೆ ಬರುವುದೆಲ್ಲ ಹೆಲಿಕಾಪ್ಟರಿನಲ್ಲೋ ಸರಕಿನ ರೋಪ್‌ವೇಯಲ್ಲೋ ಬರಬೇಕು, ಗೊಣಗದೆ ಕೊಡಿ. ರಾತ್ರಿ ಹತ್ತಕ್ಕೆ ದೀಪ ಆರಿ ನಿಶ್ಶಬ್ದ.

ಊಟಕ್ಕೆ ಯೋಟಾ ಅಂತ ಹುಳಿ ಹಿಡಿಸಿದ ಎಲೆಕೋಸು, ಹುರುಳಿಕಾಯಿ ಬೀಜ, ಆಲೂಗಡ್ಡೆ ಹಾಕಿದ ಗಟ್ಟಿ ಸಾರು ಇರುತ್ತದೆ. ರಿಚೆತ್ ಅಂದರೆ ಬಾರ್ಲಿ ಗಂಜಿ. ಎರಡರಲ್ಲೂ ಮಾಂಸ ಇರಬಹುದು, ಸಸ್ಯಾಹಾರಿಗಳು "ಬ್ರೆಸ್ ಮೆಸಾ" ಅಂತ ಕೇಳಿ, ಮಾಂಸ ಇಲ್ಲದೆ ಅಂತ. ನನಗೆ ಜಾಸ್ತಿ ಹಿಡಿಸಿದ್ದು ಅಯ್ದೊವಿ ಜ್ಗಾನ್ಸಿ. ಕುದಿಯುವ ನೀರಿಗೆ ಬಕ್‌ವೀಟ್ ಹಿಟ್ಟು ಸುರಿದು, ಕೋಲಿನಲ್ಲಿ ನಡುವೆ ತೂತು ಮಾಡಿ ಬೇಯಿಸುತ್ತಾರೆ. ಏನು ನೆನಪಾಯಿತು? ಮುದ್ದೆಯೇ. ಆದರೆ ಕೊನೆಯಲ್ಲಿ ಉಂಡೆ ಕಟ್ಟುವುದಿಲ್ಲ, ಫೋರ್ಕಿನಿಂದ ಉದುರು ಮಾಡಿ ಹುಳಿ ಹಾಲಿನ ಜೊತೆ ಕೊಡುತ್ತಾರೆ. ಮೇಲೆ ಹಂದಿ ಕೊಬ್ಬಿನ ಕರಿದ ಚೂರು ಸುರಿಯುವ ರೂಢಿ, ಬೇಡ ಅಂದರೆ ಮೊದಲೇ "ಬ್ರೆಸ್ ಒತ್ಸ್ವಿರ್ಕೊವ್" ಅನ್ನಿ. ಒಂದು ಪೊಟ್ಟಣ ಚಟ್ನಿಪುಡಿ ಜೇಬಲ್ಲಿ ಇದ್ದರೆ ಮಿಕ್ಕದ್ದೆಲ್ಲ ನಡೆಯುತ್ತದೆ.

ಎರಡನೇ ದಿನ: ಪ್ಲಾನಿಕಾವರೆಗೆ

ಎಂಟು ಗಂಟೆಗೆ ರುದ್ನೊ ಪೊಲ್ಯೆ ಬಿಡಿ. ಗುರುತು ಹುಡುಕುವುದು ಸುಲಭ, ಕೆಂಪು ಉಂಗುರದೊಳಗೆ ಬಿಳಿ ಬೊಟ್ಟು. ಸುಮಾರು ನೂರು ವರ್ಷದಿಂದ ಇಡೀ ದೇಶದಲ್ಲಿ ಇದೇ ಗುರುತು, ಮಾಡಿದವರ ಹೆಸರಿನಲ್ಲಿ ಕ್ನಾಫೆಲ್ತ್ಸ್ ಗುರುತು ಅನ್ನುತ್ತಾರೆ. ಫಲಕಗಳ ಮೇಲೆ ಕಿಲೋಮೀಟರ್ ಇರುವುದಿಲ್ಲ, ಗಂಟೆ ಬರೆದಿರುತ್ತಾರೆ. ಆ ಗಂಟೆ ಅಲ್ಲಿನವರ ಕಾಲಿನದ್ದು. ಮೂರು ಅಂದರೆ ಮೂರೂವರೆ, ಫೋಟೊ ಹುಚ್ಚಿದ್ದರೆ ನಾಲ್ಕು.

ಮೊದಲು ಕಾಡು, ಆಮೇಲೆ ಸ್ತುದೊರ್ಸ್ಕಿ ಪ್ರೆವಾಲ್ ಅನ್ನುವ 1892 ಮೀಟರ್‌ನ ತಗ್ಗು. ಅಲ್ಲಿಂದ ತೊಸ್ತ್ಸ್ ಬೆಟ್ಟದ ಹೊಟ್ಟೆಯ ಉದ್ದಕ್ಕೂ ದಾರಿ ಅಡ್ಡಡ್ಡ ಹೋಗುತ್ತದೆ. ಏರಿಲ್ಲ, ಆದರೆ ಎಡಕ್ಕೆ ಹುಲ್ಲಿನ ಇಳಿಜಾರು ಕಡಿದಾಗಿದೆ, ಮಾತಾಡುತ್ತಾ ಎಡವಬೇಡಿ. ಮೂರರಿಂದ ಮೂರೂವರೆ ಗಂಟೆಯಲ್ಲಿ 1817 ಮೀಟರ್‌ನ ವೊದ್ನಿಕೊವ್ ದೊಮ್. ಇಲ್ಲಿ ಕೂತು ಊಟ ಮಾಡಿ, ನೀರಿನ ಲೆಕ್ಕ ಹಾಕಿ. ಅರ್ಧಕ್ಕಿಂತ ಜಾಸ್ತಿ ಮುಗಿದಿದ್ದರೆ ಇಲ್ಲೇ ಕೊಳ್ಳಿ.

ಇಲ್ಲಿಂದ ಹಸಿರು ಮುಗಿಯುತ್ತದೆ. ಕೊನ್ಸ್ಕಿ ಪ್ರೆವಾಲ್ ಅನ್ನುವ ತಗ್ಗಿಗೆ ಹತ್ತಿ ಎಡಕ್ಕೆ ತಿರುಗಿದರೆ ಪ್ಲಾನಿಕಾ ಅನ್ನುವ ಮನೆಯ ದಾರಿ. ಬಲಕ್ಕೆ ಹೋದರೆ ಕ್ರೆದಾರಿತ್ಸಾ, ಅದು ದೇಶದ ಅತಿ ಎತ್ತರದ ಮನೆ, ದೊಡ್ಡದು, ಗದ್ದಲವೂ ದೊಡ್ಡದು. ನನ್ನ ಓಟು 2401 ಮೀಟರ್‌ನ ಪ್ಲಾನಿಕಾಗೆ. ವೊದ್ನಿಕೊವ್‌ನಿಂದ ಎರಡು ಗಂಟೆ. ಈ ಭಾಗದಲ್ಲಿ ದಾರಿ ಬಿಟ್ಟು ಅಡ್ಡದಾರಿ ಹಿಡಿಯಬೇಡಿ, ಮಂಜು ಕವಿದಾಗಂತೂ ಬೇಡವೇ ಬೇಡ. ಕಲ್ಲಿನ ನಡುವೆ ಕೊಳಗದಂಥ ಗುಂಡಿಗಳಿವೆ, ಕೆಲವುದರ ಬಾಯಿಗೆ ಹಳೆ ಹಿಮ ಮುಚ್ಚಿಕೊಂಡಿರುತ್ತದೆ, ಕೆಳಗೆ ಎಷ್ಟು ಆಳ ಅಂತ ಕಾಲಿಟ್ಟು ನೋಡುವ ವಿಷಯ ಅಲ್ಲ.

ಮೂರನೇ ದಿನ: ಮೇಲೆ ಮತ್ತು ಕೆಳಗೆ

ಐದಕ್ಕೆ ಏಳಿ. ಆರಕ್ಕೆ ಹಗ್ಗದ ಹತ್ತಿರ ಇರಿ. ಊರುಗೋಲು ಮಡಿಚಿ ಚೀಲಕ್ಕೆ ಕಟ್ಟಿ, ಕ್ಯಾಮೆರಾ ಒಳಗಿಡಿ.

ಹಗ್ಗ ಶುರುವಾಗುವ ಜಾಗದಲ್ಲಿ ನಿಂತು ಎರಡೂ ಕೊಂಡಿ ಹಾಕಿ. ನಡೆಯಿರಿ. ಹಗ್ಗವನ್ನು ಬಂಡೆಗೆ ಕಟ್ಟಿದ ಮೊಳೆ ಬಂದಾಗ ನಿಲ್ಲಿ, ಒಂದು ಕೊಂಡಿ ಬಿಚ್ಚಿ ಮೊಳೆಯ ಆಚೆ ಹಾಕಿ, ಟಕ್ ಅಂತ ಮುಚ್ಚಿಕೊಂಡ ಸದ್ದು ಕೇಳಿ, ಆಮೇಲೆ ಎರಡನೆಯದನ್ನು ಬಿಚ್ಚಿ ಆಚೆ ಹಾಕಿ. ಟಕ್. ಎರಡನ್ನೂ ಒಟ್ಟಿಗೆ ಬಿಚ್ಚುವ ಕ್ಷಣ ಇಡೀ ದಾರಿಯಲ್ಲಿ ಒಂದೂ ಇರಬಾರದು. ಎರಡು ಮೊಳೆಗಳ ನಡುವೆ ಒಬ್ಬರೇ ಇರಬೇಕು, ಮುಂದಿನವರು ದಾಟುವವರೆಗೆ ಕಾಯಿರಿ. ಕೆಲವು ಕಡೆ ಹಗ್ಗ ಇಲ್ಲ, ಬರೀ ಕಬ್ಬಿಣದ ಗೂಟಗಳು, ಅಲ್ಲಿ ಕೊಂಡಿಗಿಂತ ನಿಮ್ಮ ಕಾಲೇ ಗತಿ. ಮತ್ತೆ ಕಲ್ಲಿನ ವಿಷಯ: ಲಕ್ಷಾಂತರ ಶೂ ತಾಗಿ ಕೆಲವು ಮೆಟ್ಟಿಲು ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿವೆ. ಒಣಗಿದ್ದರೆ ಪರವಾಗಿಲ್ಲ, ಇಬ್ಬನಿ ಬಿದ್ದಿದ್ದರೆ ಸಾಬೂನು.

ಮಾಲಿ ತ್ರಿಗ್ಲಾವ್, ಅಂದರೆ ಚಿಕ್ಕ ತ್ರಿಗ್ಲಾವ್, 2725 ಮೀಟರ್. ಅದರ ಹತ್ತಿರ ಬೆಟ್ಟದ ಬೆನ್ನು ಸೇರುತ್ತೀರಿ. ಮುಂದೆ ದಾರಿ ಕಿರಿದು, ಎರಡೂ ಕಡೆ ಏನೂ ಇಲ್ಲ. ನಿಜವಾದ ತೀರ್ಮಾನ ಇಲ್ಲಿ ಮಾಡಬೇಕು. ಗಾಳಿ ಜೋರಿದೆಯಾ, ಮೋಡ ಕಟ್ಟುತ್ತಿದೆಯಾ, ಕಾಲು ನಡುಗುತ್ತಿದೆಯಾ? ಯಾವುದಕ್ಕಾದರೂ ಹೌದು ಅಂತಾದರೆ ವಾಪಸ್ ಬನ್ನಿ. ಎರಡನೇ ಸಲ ಹೋದಾಗ ನಾನು ಇಲ್ಲಿಂದಲೇ ತಿರುಗಿದೆ, ಮೂರನೇ ಸಲ ತಲುಪಿದೆ. ಆ ಮೂರನೇ ಸಲ ಎದುರಿಗೆ ಇಳಿದು ಬರುತ್ತಿದ್ದ ಒಬ್ಬ ಅಜ್ಜಿ, ಎಪ್ಪತ್ತಂತೂ ದಾಟಿರಬೇಕು, ನಾನು ಬಂಡೆ ತಬ್ಬಿಕೊಂಡು ನಿಂತಿದ್ದನ್ನು ನೋಡಿ, ನನ್ನ ಸುತ್ತ ಒಂದು ಕೊಂಡಿ, ಇನ್ನೊಂದು ಕೊಂಡಿ ದಾಟಿಸಿ, "ಸ್ರೆಚ್ನೊ" ಅಂತ ಹೇಳಿ ಹೋದರು. ಒಳ್ಳೆಯದಾಗಲಿ ಅಂತ. ಬೆಟ್ಟದ ಮೇಲೆ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು, ನೀವೂ ಕಲಿತುಕೊಳ್ಳಿ.

ತುದಿಯಲ್ಲಿ ಮೊದಲ ಸಲ ಬಂದವರಿಗೆ ಒಂದು ದೀಕ್ಷೆ ಇದೆ: ಬಗ್ಗಿಸಿ, ಹಗ್ಗದಿಂದ ಹಿಂಭಾಗಕ್ಕೆ ಬಾರಿಸುತ್ತಾರೆ. ಗೊತ್ತಿಲ್ಲದವರು ಬಂದು ಹಗ್ಗ ಎತ್ತಿದರೆ ಗಾಬರಿಯಾಗಬೇಡಿ. ಗೋಪುರದ ಹತ್ತಿರ ಅರ್ಧ ಗಂಟೆಗಿಂತ ಜಾಸ್ತಿ ಕೂರಬೇಡಿ, ಇಳಿಯುವಾಗ ಹತ್ತಿ ಬರುವವರ ಸಾಲು ಎದುರಾಗುತ್ತದೆ, ಅದರಲ್ಲೇ ಒಂದು ಗಂಟೆ ಹೋಗುತ್ತದೆ. ಹತ್ತುವವರಿಗೆ ದಾರಿ ಬಿಡಿ, ಅಗಲ ಇರುವ ಜಾಗ ನೋಡಿ ನಿಲ್ಲಿ.

ಏನಾದರೂ ಆದರೆ 112. ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಸಿಗದಿದ್ದರೆ ಕೂಗು, ಸೀಟಿ ಅಥವಾ ದೀಪ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರ ನಿಮಿಷಕ್ಕೆ ಮೂರು ಸಲ ಬಂದರೆ ಅವರಿಗೆ ಗೊತ್ತಾಯಿತು ಅಂತ.

ಮಧ್ಯಾಹ್ನ ಎರಡು, ಮೂರಕ್ಕೆ ಕಾರಿನ ಹತ್ತಿರ ಇರುತ್ತೀರಿ. ಆ ದಿನವೇ ಮ್ಯೂನಿಕ್‌ಗೆ ಗಾಡಿ ಓಡಿಸಬೇಡಿ, ಬೋಹಿನ್ಯ್ ಸರೋವರದ ಹತ್ತಿರ ಉಳಿಯಿರಿ. ಮರುದಿನ ಮೊಣಕಾಲು ಒಪ್ಪಿದರೆ ಸವಿತ್ಸಾ ಜಲಪಾತ ನೋಡಿ. ಹತ್ತಿರದ ಬಿಳಿ ಕಲ್ಲಿನ ಮೇಲೆ ಬಿದ್ದು ಕಣ್ಣಿಗೆ ಕಾಣದೆ ಒಳಗಿಳಿದ ನೀರು ಕೊನೆಗೆ ಇಲ್ಲಿ ಬಂಡೆಯ ನಡುವಿನ ಬಾಯಿಂದ ಹೊರಗೆ ನುಗ್ಗುತ್ತದೆ, ಅಲ್ಲಿಂದ ನೇರ ಸರೋವರಕ್ಕೆ. ಟಿಕೆಟ್ ಇದೆ. ಮೆಟ್ಟಿಲು ಐನೂರಕ್ಕೂ ಜಾಸ್ತಿ, ಅದಕ್ಕೇ ಹೇಳಿದ್ದು ಮೊಣಕಾಲು ಒಪ್ಪಿದರೆ ಅಂತ.